ಮಿಲ್ಲರ್ಸ್ ಡೇಲ್ ಸ್ಟೇಷನ್: ಟ್ರೇನ್ ಬರಲ್ಲ, ಆದ್ರೂ ಹೋಗಿ ಬನ್ನಿ

ಇಂಗ್ಲೆಂಡಿನ ಡರ್ಬಿಶೈರ್ ಕಡೆ ಹೋದ್ರೆ ಮಿಲ್ಲರ್ಸ್ ಡೇಲ್ ಅನ್ನೋ ಹಳೇ ರೈಲ್ವೆ ಸ್ಟೇಷನ್ ಬಿಡ್ಬೇಡಿ. ಟ್ರೇನ್ ಬರೋದು ನಿಂತು ಐವತ್ತು ವರ್ಷದ ಮೇಲಾಯ್ತು, ಈಗ ಸ್ಟೇಷನ್ ಕಟ್ಟಡದಲ್ಲಿ ಕೆಫೆ ಇದೆ, ಹಳಿ ಇದ್ದ ಜಾಗದಲ್ಲಿ ಮೊನ್ಸಾಲ್ ಟ್ರೇಲ್ ಅಂತ ಸುಮಾರು 13 ಕಿ.ಮೀ. ದಾರಿ, ನಡೀಬೋದು, ಸೈಕಲ್ ಹೊಡೀಬೋದು.

ನಾವು ಬೇಕ್‌ವೆಲ್ ಕಡೆಯಿಂದ ಸೈಕಲ್‌ನಲ್ಲಿ ಬಂದ್ವಿ. ಎರಡು ಪ್ಲಾಟ್‌ಫಾರ್ಮ್ ಮಧ್ಯೆ, ಅಂದ್ರೆ ಇಂಜಿನ್ ನಿಲ್ತಿದ್ದ ಜಾಗದಲ್ಲೇ ಸೈಕಲ್ ನಿಲ್ಲಿಸಿ ಅಂಚಿನ ಕಲ್ಲು ಮುಟ್ಟಿ ನೋಡ್ದೆ, ಸಂದಿ ಸಂದಿಯಲ್ಲಿ ಹುಲ್ಲು, ಕೈಗೆ ತಣ್ಣಗೆ ಹತ್ತಿದ ಪಾಚಿ. ಎಷ್ಟು ಜನ ಇಲ್ಲಿ ಪೆಟ್ಟಿಗೆ ಇಟ್ಕೊಂಡು ಕಾದಿದ್ರೋ ಅನ್ನಿಸ್ತು.

ಊರು ನೋಡಿದ್ರೆ ಬೆರಳೆಣಿಕೆ ಮನೆ, ಸ್ಟೇಷನ್‌ಗೆ ಮಾತ್ರ ಐದು ಪ್ಲಾಟ್‌ಫಾರ್ಮ್! ಯಾಕಂದ್ರೆ ಇದು ಜಂಕ್ಷನ್. 1863ರಲ್ಲಿ ಮಿಡ್‌ಲ್ಯಾಂಡ್ ರೈಲ್ವೆಯವರು ತೆರೆದಿದ್ದು, ಲಂಡನ್ನಿನ ಸೇಂಟ್ ಪ್ಯಾಂಕ್ರಾಸ್‌ನಿಂದ ಮ್ಯಾಂಚೆಸ್ಟರ್‌ಗೆ ಹೋಗೋ ಮೇನ್ ಲೈನ್ ಇದೇ ಆಗಿತ್ತು, ಬಕ್ಸ್‌ಟನ್‌ಗೆ ಹೋಗೋರು ಇಲ್ಲಿಳಿದು ಗಾಡಿ ಬದಲಾಯಿಸ್ತಿದ್ರು. ಪ್ಲಾಟ್‌ಫಾರ್ಮ್ ಮೇಲೇ ಒಂದು ಪೋಸ್ಟ್ ಆಫೀಸ್ ಬೇರೆ ಇತ್ತಂತೆ, ನಂಗೆ ತುಂಬಾ ಇಷ್ಟ ಆಗಿದ್ದು ಅದು. ಓಡಾಟ ಜಾಸ್ತಿಯಾಗಿ ಒಂದು ಸೇತುವೆ ಸಾಲದೆ 1905ರಲ್ಲಿ ವೈ ನದಿ ಮೇಲೆ ಪಕ್ಕದಲ್ಲೇ ಇನ್ನೊಂದು ಕಬ್ಬಿಣದ ಸೇತುವೆ ಕಟ್ಟಿದ್ರು, ಎರಡೂ ಜೋಡಿಯಾಗಿ ಇವತ್ತಿಗೂ ನಿಂತಿವೆ. ಹತ್ತಿರದಲ್ಲೇ ಸುಣ್ಣದಕಲ್ಲು ಸುಡ್ತಿದ್ದ ಹಳೇ ಗೂಡುಗಳಿವೆ, ಗೋಡೆ ಥರ ಎದ್ದು ನಿಂತಿರೋ ದೈತ್ಯ ಗೂಡುಗಳು, ಅವನ್ನೂ ನೋಡಿ.

ನಷ್ಟದ ಲೈನು, ಸ್ಟೇಷನ್‌ಗಳನ್ನ ಮುಚ್ಚಿಬಿಡಿ ಅಂದ 1963ರ ಬೀಚಿಂಗ್ ವರದಿ ಆದ್ಮೇಲೆ ದೇಶದುದ್ದಕ್ಕೂ ಸಣ್ಣ ಸ್ಟೇಷನ್‌ಗಳಿಗೆ ಬೀಗ ಬಿತ್ತಲ್ಲ, ಇದರ ಸರದಿ ಬಂದಿದ್ದು 1967ರ ಮಾರ್ಚಲ್ಲಿ, ಮರುವರ್ಷ ಲೈನೇ ಮುಚ್ಚಿತು. ಇಷ್ಟು ದೊಡ್ಡದಾಗಿ ಕಟ್ಟಿದ್ದನ್ನ ಹಾಗೇ ಬಿಟ್ಟು ಹೋದ್ರಲ್ಲ ಅಂತ ಹೊಟ್ಟೆ ಉರಿಯುತ್ತೆ. ಕೆಡವದೆ ಉಳಿಸ್ಕೊಂಡಿರೋದೇ ಸಮಾಧಾನ.

ಕೆಫೆಯಲ್ಲಿ ಬಿಸಿ ಟೀ ತಗೊಂಡು ಹೊರಗೆ ಪ್ಲಾಟ್‌ಫಾರ್ಮ್ ಕಡೆ ಕೂತ್ಕೊಳ್ಳಿ, ಒಳಗಿಗಿಂತ ಅಲ್ಲೇ ಚೆಂದ. ದಾರಿಯಲ್ಲಿರೋ ಸುರಂಗಗಳನ್ನ 2011ರಲ್ಲಿ ಜನರಿಗೆ ತೆರೆದ್ರು, ಬೇಸಿಗೆಯಲ್ಲೂ ಒಳಗೆ ಚಳಿ, ಜಾಕೆಟ್ ಇರ್ಲಿ. ಕತ್ತಲಾಗ್ತಿದ್ದ ಹಾಗೆ ಒಳಗಿನ ಲೈಟ್ ಆರಿಸ್ತಾರೆ, ಹಾಗಾಗಿ ಬೆಳಿಗ್ಗೆನೇ ಹೊರಡಿ.