ಹೊಸ ಗಿಡಕ್ಕೆ ಬೇಸಿಗೆಯ ನೀರು: ಕೈಪೈಪೋ, ಡ್ರಿಪ್ಪೋ, ತೂತು ಬಕೆಟ್ಟೋ?

ಹೊಸದಾಗಿ ನೆಟ್ಟ ಥೂಜಾ, ಸೈಪ್ರೆಸ್ ಎಂಬ ಸಣ್ಣ ಚಿಪ್ಪಿನಂಥ ಎಲೆಯ ನಿತ್ಯಹಸಿರು ಸಸಿಗಳ ಒಂದೇ ಸಾಲಿಗೆ ಬೇಸಿಗೆಯಿಡೀ ಮೂರು ಬಗೆಯಲ್ಲಿ ನೀರು ಕೊಟ್ಟು ನೋಡಿದೆ. ಕೆಲವಕ್ಕೆ ಕೈಪೈಪು, ಕೆಲವಕ್ಕೆ ಡ್ರಿಪ್, ಉಳಿದವಕ್ಕೆ ಬುಡದಲ್ಲಿಟ್ಟ ತೂತು ಬಕೆಟ್. ಮೊದಲ ಬೇಸಿಗೆಯ ಮಟ್ಟಿಗೆ ನನ್ನ ಓಟು ಬಕೆಟ್ಟಿಗೇ.

ಅಗಲ ಎಲೆಯ ಗಿಡಕ್ಕೆ ಬಾಯಾರಿದರೆ ಎಲೆ ಜೋತುಬಿದ್ದು ಗೊತ್ತಾಗುತ್ತದೆ. ಇವು ಹಾಗಲ್ಲ, ಬಲು ಗುಮ್ಮನಗುಸಕ. ಬೇರು ಒಣಗಿ ವಾರಗಳು ಕಳೆದರೂ ಹಸಿರಾಗಿಯೇ ನಿಂತಿರುತ್ತವೆ. ಕಂದು ಬಣ್ಣ ಕಾಣುವ ಹೊತ್ತಿಗೆ ಆ ಕೊಂಬೆಯ ಕಥೆ ಮುಗಿದಿರುತ್ತದೆ. ಪೂರ್ತಿ ಬೋಳಾದ ಹಳೇ ಕೊಂಬೆಯಲ್ಲಿ ಮತ್ತೆ ಚಿಗುರು ಬರುವುದು ಅಪರೂಪ. ಆದ್ದರಿಂದ ಗಿಡದ ಮುಖ ನೋಡಿ ನೀರು ಹಾಕುವಂತಿಲ್ಲ, ಮಣ್ಣನ್ನೇ ಮುಟ್ಟಿ ನೋಡಬೇಕು. ಅದೂ ಪಕ್ಕದ ಮಣ್ಣಲ್ಲ, ನರ್ಸರಿಯಿಂದ ಗಿಡದ ಜೊತೆಗೇ ಬಂದ ಬೇರುಮುದ್ದೆಯ ಮಣ್ಣು. ಮೊದಲ ಕೆಲವು ತಿಂಗಳು ಗಿಡ ಕುಡಿಯುವುದೆಲ್ಲ ಹೆಚ್ಚುಕಡಿಮೆ ಅಲ್ಲಿಂದಲೇ. ಸುತ್ತಲಿನ ನೆಲ ಹಸಿಯಾಗಿದ್ದಾಗಲೂ ಈ ಮುದ್ದೆ ಒಳಗೆ ಒಣಗಿರಬಹುದು.

ಕೈಪೈಪು ಸೋತದ್ದು ಇಲ್ಲೇ. ಪಾತಿ ತುಂಬಿ ಹರಿಯುವ ತನಕ ನೀರು ಬಿಟ್ಟು, ಆಮೇಲೆ ಬುಡದ ಹತ್ತಿರ ಬೆರಳು ತೂರಿಸಿದರೆ ಮೇಲೆ ಎರಡು ಬೆರಳಷ್ಟು ಕೆಸರು, ಕೆಳಗೆ ಪುಡಿಪುಡಿ. ತೆಂಗಿನ ನಾರಿನ ಪುಡಿ ಬೆರೆತ ಮುದ್ದೆ ಒಮ್ಮೆ ಪೂರ್ತಿ ಒಣಗಿತೆಂದರೆ, ರಭಸದ ನೀರು ಅದರೊಳಗೆ ಇಳಿಯದೆ ಬದಿಯಿಂದ ಜಾರಿ ಹೋಗುತ್ತದೆ. ಪೈಪಿಗೆ ಉಳಿದ ಕೆಲಸವೆಂದರೆ ಎಲೆಗಳ ಧೂಳು ತೊಳೆಯುವುದು. ಒಣ ಸೆಕೆಯಲ್ಲಿ ಬಂದು ಎಲೆಯ ರಸ ಹೀರುವ ಜೇಡನುಸಿಗೆ ಈ ಸ್ನಾನ ಆಗಿಬರುವುದಿಲ್ಲ. ಆದರೆ ಬಿಸಿಲಲ್ಲಿ ಬಿದ್ದ ಪೈಪಿನ ಮೊದಲ ನೀರು ಕೈ ಸುಡುವಷ್ಟು ಕಾದಿರುತ್ತದೆ, ಅದನ್ನು ಬೇರೆಡೆ ಬಿಟ್ಟುಬಿಡಿ.

ಡ್ರಿಪ್ ಒಳ್ಳೆಯದೇ, ಲೆಕ್ಕ ಗೊತ್ತಿದ್ದರೆ. ಗಂಟೆಗೆ 4 ಲೀಟರಿನ ಎರಡು ಡ್ರಿಪ್ಪರ್ ಇಟ್ಟು ದಿನಾ 10 ನಿಮಿಷ ಬಿಟ್ಟರೆ ಗಿಡಕ್ಕೆ ಸಿಗುವುದು ಒಂದೂಕಾಲು ಲೀಟರಿನ ಆಸುಪಾಸು. 10 ಲೀಟರ್ ಬೇಕೆಂದರೆ ಒಂದೂಕಾಲು ಗಂಟೆ ಬಿಡಬೇಕು. ದಿನಾ ನಾಲಗೆ ಒದ್ದೆ ಮಾಡುವುದಕ್ಕಿಂತ ಎರಡು ಮೂರು ದಿನಕ್ಕೊಮ್ಮೆ ಹೊಟ್ಟೆ ತುಂಬಿಸುವುದು ಮೇಲು. ಇನ್ನೊಂದು ತೊಡಕೆಂದರೆ, ಡ್ರಿಪ್ಪರ್ ಒಂದು ಗೇಣು ಆಚೆ ಸರಿದರೆ, ಅದರಲ್ಲೂ ಮರಳುಮಣ್ಣಿನಲ್ಲಿ, ನೀರು ಅಲ್ಲೇ ನೇರ ಕೆಳಗಿಳಿದು ಮುದ್ದೆ ಒಣಗಿಯೇ ಉಳಿಯುತ್ತದೆ. ಕಟ್ಟಿಕೊಂಡ ಡ್ರಿಪ್ಪರ್ ಕೂಡ ಬಾಯಿಬಿಟ್ಟು ಹೇಳುವುದಿಲ್ಲ.

ಬಕೆಟ್ಟಿನಲ್ಲಿ ಈ ಗುಟ್ಟೆಲ್ಲ ಇಲ್ಲ. 10 ಲೀಟರಿನ ಹಳೇ ಬಕೆಟ್, ತಳದ ಅಂಚಿಗೆ ಮೊಳೆಯಿಂದ ಎರಡು ತೂತು, ಮೇಲೊಂದು ಮುಚ್ಚಳ. ತೂತಿನ ಬದಿ ಬೇರುಮುದ್ದೆಯ ಮೇಲೆ ಬರುವಂತೆ ಇಟ್ಟು ನೀರು ತುಂಬಿದರೆ ಸಾಕು, ನಿಧಾನಕ್ಕೆ ಇಳಿಯುತ್ತದೆ. ಎಷ್ಟು ಹೋಯಿತು ಎಂಬುದು ಕಣ್ಣೆದುರಿಗೇ ಇರುತ್ತದೆ. ನೀರು ಅಲ್ಲೇ ನಿಂತಿದ್ದರೆ ತೂತು ಕಟ್ಟಿದೆ, ಇಲ್ಲವೇ ಕೆಳಗಿನ ಮಣ್ಣು ಇನ್ನು ಹೀರಲಾರದು. ಜೇಡಿಮಣ್ಣಿನಲ್ಲಿ ಈ ಎರಡನೆಯದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ, ಉಸಿರಾಡಲು ಗಾಳಿ ಸಿಗದೆ ಬೇರು ಕೊಳೆತರೂ ಎಲೆ ಕಂದಾಗುವುದು ಹೀಗೆಯೇ. ಪ್ರತಿ ಸಲ ಬಕೆಟ್ಟನ್ನು ಬುಡದ ಇನ್ನೊಂದು ಬದಿಗೆ ಸರಿಸಿ. ಹತ್ತು ಹದಿನೈದು ಗಿಡಗಳಿಗೆ ಇದು ಸರಿ, ನೂರು ಗಿಡಕ್ಕೆ ಹೊರುವವರು ಯಾರು? ಅಲ್ಲಿ ಡ್ರಿಪ್ಪೇ ಗತಿ.

ಇನ್ನು ಮುಚ್ಚಿಗೆ, ಅಂದರೆ ಬುಡದ ಮಣ್ಣಿನ ಮೇಲೆ ಹರಡುವ ಹೊದಿಕೆ. ಜಲ್ಲಿ ಆವಿಯನ್ನು ತಡೆಯುತ್ತದೆ ನಿಜ, ಆದರೆ ಮಧ್ಯಾಹ್ನ ಅದರ ಮೇಲೆ ಅಂಗೈ ಇಡಲಾಗುವುದಿಲ್ಲ. ತರಗೆಲೆ, ಮರದ ಚಕ್ಕೆ 7-8 ಸೆಂಟಿಮೀಟರ್ ಹರಡಿದ ಕಡೆ ಮಣ್ಣು ತಂಪಾಗಿತ್ತು, ನೀರಿನ ಸರದಿಯೂ ಕಡಿಮೆಯಾಯಿತು. ಕಾಂಡಕ್ಕೆ ತಾಗದಂತೆ ಅಂಗೈಯಷ್ಟು ಜಾಗ ಬಿಡಲೇಬೇಕು. ಹಸಿ ಹುಲ್ಲನ್ನು ದಪ್ಪಗೆ ಹಾಕಿದರೆ ಚಾಪೆಯಂತೆ ಅಂಟಿಕೊಂಡು ಬಿಸಿಯೇರುತ್ತದೆ. ಗೊಬ್ಬರದ ಮಾತು ಸೆಕೆ ಇಳಿಯುವ ತನಕ ಬೇಡ.

ಬೇಸಿಗೆ ಕಳೆದು ಬೇರು ಮುದ್ದೆಯಿಂದಾಚೆ ಚಾಚಿದ ಮೇಲೆ ಡ್ರಿಪ್ಪಿಗೇ ಬದಲಾಯಿಸಿ, ಡ್ರಿಪ್ಪರುಗಳನ್ನು ಕೊಂಬೆಗಳ ಅಂಚಿನ ಕಡೆಗೆ ಸರಿಸಿದೆ. ಮಣ್ಣಿನ ಮಡಕೆ ಹೂತು ನೀರುಣಿಸುವ ಪದ್ಧತಿಯನ್ನು ಈ ಸಾಲಿನಲ್ಲಿ ಸೇರಿಸಲಿಲ್ಲ. ಅದನ್ನು ನೆಡುವಾಗಲೇ ಹೂಳಬೇಕು, ಆಮೇಲೆ ಬುಡದಲ್ಲಿ ಅಗೆದರೆ ಈಗಷ್ಟೇ ಚಾಚುತ್ತಿರುವ ಬೇರಿಗೇ ಗುದ್ದಲಿ ಬೀಳುತ್ತದೆ.