ಲಿನಕ್ಸ್ ಕರ್ನೆಲ್ ಓದಲು ಎಲಿಕ್ಸರ್: ಎಲ್ಲಿ ನೆರವು, ಎಲ್ಲಿ ಕುರುಡು

ಲಿನಕ್ಸ್‌ನ ತಿರುಳಾದ ಕರ್ನೆಲ್ಲಿನ ಒಂದು ಫಂಕ್ಷನ್ ಎಲ್ಲಿದೆ ಎಂದು ನೋಡಲು ಇಡೀ ಗಿಟ್ ರೆಪೊ (ಕೋಡ್ ಮತ್ತು ಅದರ ಇತಿಹಾಸದ ಸಂಗ್ರಹ) ಇಳಿಸಿಕೊಳ್ಳಬೇಕಾಗಿಲ್ಲ. ಪೂರ್ತಿ ಇತಿಹಾಸದ ಜೊತೆ ಅದು ಹಲವು ಜಿಬಿ ಆಗುತ್ತದೆ. ಫ್ರಾನ್ಸಿನ ಬೂಟ್ಲಿನ್ ಕಂಪನಿ (2018ರವರೆಗೆ ಫ್ರೀ ಎಲೆಕ್ಟ್ರಾನ್ಸ್) ನಡೆಸುವ ಎಲಿಕ್ಸರ್ ತಾಣ ಈ ಕೆಲಸವನ್ನು ಬ್ರೌಸರಿನಲ್ಲೇ ಮುಗಿಸಿಕೊಡುತ್ತದೆ. ಲಾಗಿನ್ ಬೇಡ, ದುಡ್ಡೂ ಬೇಡ. ಯು-ಬೂಟ್, ಬ್ಯುಸಿಬಾಕ್ಸ್, ಝೆಫಿರ್‌ನಂಥ ಬೇರೆ ಯೋಜನೆಗಳ ಕೋಡ್ ಕೂಡ ಅಲ್ಲೇ ಸಿಗುತ್ತದೆ.

ಕೋಡಿನ ಯಾವುದೇ ಹೆಸರಿನ ಮೇಲೆ ಒತ್ತಿದರೆ ಅದರ ಡೆಫಿನಿಷನ್ ಎಲ್ಲಿದೆ, ಡಾಕ್ಯುಮೆಂಟೇಷನ್ ಎಲ್ಲಿದೆ, ಯಾರು ಯಾರು ಬಳಸಿದ್ದಾರೆ ಎಂಬುದೆಲ್ಲ ಸಾಲಿನ ಸಂಖ್ಯೆಯೊಂದಿಗೆ ಬರುತ್ತದೆ. ಆದರೆ ಇದರ ನಿಜವಾದ ಬೆಲೆ ಎಡಬದಿಯ ಆವೃತ್ತಿ ಪಟ್ಟಿಯಲ್ಲಿದೆ. ಹಳೆಯ ಡ್ರೈವರೊಂದು ಹೊಸ ಕರ್ನೆಲ್ಲಿನಲ್ಲಿ ಕಂಪೈಲ್ ಆಗುತ್ತಿಲ್ಲ ಎಂದುಕೊಳ್ಳಿ. ‘ಪ್ರೊಕ್_ಆಪ್ಸ್’ ಎಂದು ಕರ್ನೆಲ್ 5.5ರಲ್ಲಿ ಹುಡುಕಿದರೆ ಆ ಹೆಸರಿನ ಸ್ಟ್ರಕ್ಟ್ ಸಿಗದು, 5.6ಕ್ಕೆ ಬದಲಿಸಿದರೆ ಸಿಗುತ್ತದೆ. ‘ಪ್ರೊಕ್_ಕ್ರಿಯೇಟ್’ಗೆ ಕೊಡಬೇಕಾದ ಸ್ಟ್ರಕ್ಟ್ ಬದಲಾದದ್ದು ಅಲ್ಲೇ. ‘ಆಕ್ಸೆಸ್_ಓಕೆ’ಗೆ 4.20ರಲ್ಲಿ ಮೂರು ಆರ್ಗ್ಯುಮೆಂಟ್, 5.0ರಲ್ಲಿ ಎರಡು. ಎಂಬೆಡೆಡ್ ಕೆಲಸದವರಿಗೆ ಇನ್ನೊಂದು ಲಾಭ: ಹುಡುಕಾಟದ ಬಗೆಯನ್ನು ‘ಡಿಟಿ ಕಂಪ್ಯಾಟಿಬಲ್’ಗೆ ಬದಲಿಸಿ, ಡಿವೈಸ್ ಟ್ರೀಯಲ್ಲಿ (ಬೋರ್ಡಿನ ಹಾರ್ಡ್‌ವೇರ್ ವಿವರಣೆ) ಸಾಧನವನ್ನು ಗುರುತಿಸುವ ಕಂಪ್ಯಾಟಿಬಲ್ ಸ್ಟ್ರಿಂಗ್ ಹಾಕಿದರೆ ಅದನ್ನು ಹಿಡಿಯುವ ಡ್ರೈವರ್ ಸಿಕ್ಕಿಬಿಡುತ್ತದೆ.

ಎಲಿಕ್ಸರ್‌ನ ಒಳಗಿರುವುದು ಸಿಟ್ಯಾಗ್ಸ್. ಅದು ಹೆಸರುಗಳನ್ನು ಪಟ್ಟಿ ಮಾಡುತ್ತದೆಯೇ ಹೊರತು ಕೋಡನ್ನು ಕಂಪೈಲ್ ಮಾಡಿ ನೋಡುವುದಿಲ್ಲ. ಹೊಸಬರು ಎಡವುವುದು ಇಲ್ಲೇ. ‘ಸಿಸ್_ರೀಡ್’ ಎಂಬ ಹೆಸರು ಹೆಡರಿನ ಪ್ರೊಟೊಟೈಪ್‌ನಲ್ಲಿದೆ (ಫಂಕ್ಷನ್ನಿನ ಘೋಷಣೆ ಮಾತ್ರ), ಒಡಲಿರುವ ಕಡೆ ಆ ಹೆಸರೇ ಇಲ್ಲ. ಏಕೆಂದರೆ ಅದನ್ನು ಎಫ್‌ಎಸ್ ಫೋಲ್ಡರಿನ ‘ರೀಡ್_ರೈಟ್.ಸಿ’ಯಲ್ಲಿ ‘ಸಿಸ್‌ಕಾಲ್_ಡಿಫೈನ್3’ ಎಂಬ ಮ್ಯಾಕ್ರೊ (ಕಂಪೈಲ್ ವೇಳೆ ಬೇರೆ ಕೋಡಾಗಿ ಬಿಚ್ಚಿಕೊಳ್ಳುವ ಅಚ್ಚು) ಮೂಲಕ ಬರೆದಿದ್ದಾರೆ. ‘ಟ್ರೇಸ್_ಶೆಡ್_ಸ್ವಿಚ್’ ಕೂಡ ಹೀಗೆ ಮ್ಯಾಕ್ರೊದಿಂದ ಹುಟ್ಟುವ ಹೆಸರು. ಮೂಲದ ಮ್ಯಾಕ್ರೊದಲ್ಲಿರುವುದು ಆರಂಭದ ‘ಟ್ರೇಸ್’ ಇಲ್ಲದ ‘ಶೆಡ್_ಸ್ವಿಚ್’. ಬಿಲ್ಡ್ ವೇಳೆ ತಯಾರಾಗುವ ಹೆಡರ್‌ಗಳಂತೂ ತಾಣದಲ್ಲಿ ಇರುವುದೇ ಇಲ್ಲ.

ಇದಕ್ಕಿಂತ ಮೋಸ ಮಾಡುವುದು ಖಾಲಿ ಸ್ಟಬ್‌ಗಳು. ಕಾನ್ಫಿಗ್ ಆಯ್ಕೆ (ಬಿಲ್ಡ್‌ಗೆ ಮುಂಚೆ ಆರಿಸುವ ಸೌಲಭ್ಯ) ಆಫ್ ಇದ್ದಾಗಿನ ಖಾಲಿ ಇನ್‌ಲೈನ್ ಫಂಕ್ಷನ್ ಹೆಡರಿನಲ್ಲಿರುತ್ತದೆ, ನಿಜವಾದದ್ದು ಸಿ ಫೈಲಿನಲ್ಲಿ. ಎಲಿಕ್ಸರ್ ಎರಡನ್ನೂ ಸಮನಾಗಿ ತೋರಿಸುತ್ತದೆ. ಖಾಲಿಯದನ್ನು ತೆರೆದವರು ‘ಈ ಫಂಕ್ಷನ್ ಏನೂ ಮಾಡಲ್ಲ’ ಅಂದುಕೊಳ್ಳುತ್ತಾರೆ. ‘ಕಾಪಿ_ಥ್ರೆಡ್’ ಹುಡುಕಿದರೆ ಪ್ರತಿ ಪ್ರೊಸೆಸರ್ ಬಗೆಗೂ ಒಂದೊಂದು ಸಿಗುತ್ತದೆ. ‘ಆರ್ಚ್’ ಫೋಲ್ಡರಿನಲ್ಲಿ ನಿಮ್ಮದು ಯಾವುದು ಎಂದು ನೀವೇ ಆರಿಸಿಕೊಳ್ಳಬೇಕು.

ಹೆಸರಿನ ನಡುವಿನ ಒಂದು ತುಂಡು, ರೆಜೆಕ್ಸ್ (ಮಾದರಿ ಕೊಟ್ಟು ಹುಡುಕುವುದು), ಡಿಮೆಸೇಜ್‌ನಲ್ಲಿ (ಕರ್ನೆಲ್ಲಿನ ಸಂದೇಶ ಲಾಗ್) ಕಂಡ ಎರರ್ ಸಾಲು, ಇವು ಯಾವುದಕ್ಕೂ ಎಲಿಕ್ಸರ್ ಬಾರದು. ಅದಕ್ಕೆ ‘ಡೆಪ್ತ್ 1’ ಕೊಟ್ಟು (ಇತಿಹಾಸ ಬಿಟ್ಟು) ಗಿಟ್ ಕ್ಲೋನ್ ಮಾಡಿ, ಗಿಟ್ ಗ್ರೆಪ್ ಓಡಿಸಿ. ಸಾಲಿನ ಆರಂಭದ ಡ್ರೈವರ್ ಹೆಸರನ್ನು ಬಿಟ್ಟು ಹುಡುಕಿ, ಅದನ್ನು ‘ಪಿಆರ್_ಎಫ್‌ಎಂಟಿ’ಯಂಥ ಮ್ಯಾಕ್ರೊ ಸೇರಿಸಿರಬಹುದು. ಸಂಖ್ಯೆಗಳನ್ನೂ ಬಿಡಿ, ಮೂಲದಲ್ಲಿ ಅಲ್ಲಿರುವುದು ಶೇಕಡಾ ಚಿಹ್ನೆಯ ಫಾರ್ಮ್ಯಾಟ್.

ದಿನವಿಡೀ ಕರ್ನೆಲ್‌ನಲ್ಲೇ ಮುಳುಗಿರುವವರಿಗೆ ಕ್ಲಾಂಗ್‌ಡಿ ಮೇಲು; ಅದು ಕ್ಲಾಂಗ್ ಕಂಪೈಲರ್ ಆಧರಿಸಿ ಎಡಿಟರಿಗೆ ಕೋಡನ್ನು ಅರ್ಥಮಾಡಿಸುವ ಸಾಧನ. ನಿಮ್ಮ ಕಾನ್ಫಿಗ್ ಇಟ್ಟು ‘ಎಲ್‌ಎಲ್‌ವಿಎಂ=1’ ಸೇರಿಸಿ ಬಿಲ್ಡ್ ಮಾಡಿ, ಆಮೇಲೆ ಅದೇ ಆಯ್ಕೆಯಲ್ಲಿ ‘ಮೇಕ್ ಕಂಪೈಲ್_ಕಮಾಂಡ್ಸ್.ಜೇಸನ್’ ಕೊಡಿ. ಇನ್ನೊಂದು ಕಂಪೈಲರ್ ಆದ ಜಿಸಿಸಿಯಲ್ಲಿ ಬಿಲ್ಡ್ ಮಾಡಿದರೆ ಕ್ಲಾಂಗ್‌ಗೆ ಗೊತ್ತಿಲ್ಲದ ಫ್ಲ್ಯಾಗ್‌ಗಳು ಬಂದು ಎಡಿಟರಿನಲ್ಲಿ ಸುಳ್ಳು ಎರರ್‌ಗಳು ಕಾಣಿಸಿಕೊಳ್ಳುತ್ತವೆ. ಬಿಲ್ಡ್ ಬೇಡ ಎನ್ನುವವರಿಗೆ ಹೆಸರುಗಳ ಸೂಚಿ ಕಟ್ಟಿಕೊಡುವ ‘ಮೇಕ್ ಸಿಸ್ಕೋಪ್’ ಇದೆ.

ಎಲಿಕ್ಸರ್ ಲಿಂಕ್ ಹಂಚುವಾಗ ‘ಲೇಟೆಸ್ಟ್’ ಬೇಡ, ಆವೃತ್ತಿ ಸಂಖ್ಯೆ ಇರುವ ಲಿಂಕ್ ಕೊಡಿ. ಇಲ್ಲದಿದ್ದರೆ ಮುಂದಿನ ಬಿಡುಗಡೆಗೆ ಸಾಲುಗಳು ಸರಿದುಹೋಗುತ್ತವೆ. ಒಂದು ಸಾಲನ್ನು ಯಾರು, ಯಾಕೆ ಬರೆದರು ಎಂಬುದಕ್ಕೆ ಗಿಟ್ ಬ್ಲೇಮ್ ಬೇಕು, ಅದಕ್ಕೆ ಪೂರ್ತಿ ಕ್ಲೋನ್ ಬೇಕು. ಆಗಲೂ ಟೋರ್ವಾಲ್ಡ್ಸ್ ರೆಪೊದ ಇತಿಹಾಸ 2005ರ ಏಪ್ರಿಲ್‌ನ 2.6.12-ಆರ್‌ಸಿ2ಕ್ಕೆ ಬಂದು ನಿಲ್ಲುತ್ತದೆ. ಹಳೆಯ ಸಾಲುಗಳೆಲ್ಲ ಆ ಒಂದೇ ಕಮಿಟ್ಟಿನ ಹೆಸರಿನಲ್ಲಿರುತ್ತವೆ.