ಮಠದಲ್ಲಿ ಮೂರೂವರೆಗೆ ಏಳೋಕೆ: ಫೋನಾ, ಟೈಂಪೀಸಾ, ವಾಚಾ?

ಮೊದಲೇ ಹೇಳಿಬಿಡುತ್ತೇನೆ, ಗೆದ್ದಿದ್ದು ನಡುಗುವ ವಾಚು. ಯಾಕೆ ಅನ್ನುವುದಕ್ಕೆ ಮೂರು ವರ್ಷದ ಕಥೆ ಇದೆ.

ಕೇರಳದ ವಾಗಮೋನ್ ಬೆಟ್ಟದ ಕುರಿಶುಮಲ ಆಶ್ರಮಕ್ಕೆ ಮೂರು ಸಲ ಹೋಗಿ ಬಂದೆ. ಮೂರೂ ಸಲ ಮಳೆಗಾಲದಲ್ಲೇ, ಕೊನೆಯ ಸಲ ಇಪ್ಪತ್ತೊಂದು ದಿನ. ಬೆಲ್ಜಿಯಂನಿಂದ ಬಂದ ಫ್ರಾನ್ಸಿಸ್ ಆಚಾರ್ಯ ಮತ್ತು ಇಂಗ್ಲೆಂಡಿನ ಬೀಡ್ ಗ್ರಿಫಿತ್ಸ್ 1958ರಲ್ಲಿ ಶುರು ಮಾಡಿದ ಕಥೋಲಿಕ ಮಠ ಅದು. ಸನ್ಯಾಸಿಗಳು ಉಡುವುದು ಕಾವಿ, ಸಾಕುವುದು ಹಸು, ಊಟ ನೆಲದ ಮೇಲೆ ಕೂತು, ಸಸ್ಯಾಹಾರ. ಬೆಂಗಳೂರಿನಿಂದ ಕೊಟ್ಟಾಯಂವರೆಗೆ ರೈಲು, ಅಲ್ಲಿಂದ ಈರಾಟುಪೇಟ ಮೇಲೆ ಬಸ್ಸು. ದಿನ ಶುರುವಾಗುವುದು ಬೆಳಗಿನ ಜಾವ ನಾಲ್ಕರೊಳಗೆ. ನಮ್ಮಂಥವರು ಬರಲೇಬೇಕು ಅಂತ ಯಾರೂ ಎಬ್ಬಿಸುವುದಿಲ್ಲ. ಆದರೆ ಅಷ್ಟು ದೂರ ಹೋಗಿ ಮಲಗಿರುವುದಾದರೆ ನಮ್ಮನೆ ಮಂಚವೇ ಸಾಕಿತ್ತಲ್ಲ.

ಗಡಿಯಾರ ತೆಗೆದಿಡುತ್ತಿದ್ದಾಗ ನಮ್ಮನೆಯವಳು ಕೇಳಿದ್ದೂ ಸರಿಯೇ: "ದೇವರ ಹತ್ತಿರ ಹೋಗೋರಿಗೆ ಅಲಾರಂ ಯಾಕ್ರೀ? ಅಲ್ಲಿ ಗಂಟೆ ಹೊಡೆಯಲ್ವಾ?" ಹೊಡೆಯುತ್ತಾರೆ. ಪ್ರಾರ್ಥನೆಯ ಹೊತ್ತು ತಿಳಿಸುವುದು ಮಠಾಧಿಪತಿಯ ಹೊಣೆ ಅಂತ, ಸನ್ಯಾಸಿಗಳ ಬದುಕಿಗಾಗಿ ಸಂತ ಬೆನೆಡಿಕ್ಟರು ಬರೆದಿಟ್ಟ ನಿಯಮದ 47ನೇ ಅಧ್ಯಾಯದಲ್ಲೇ ಇದೆ. 55ನೇ ಅಧ್ಯಾಯದಲ್ಲಿ ಸನ್ಯಾಸಿಗೆ ಕೊಡಬೇಕಾದ ಸಾಮಾನಿನ ಪಟ್ಟಿಯೂ ಇದೆ: ಚಾಕು, ಲೇಖನಿ, ಸೂಜಿ, ಕರವಸ್ತ್ರ. ಗಡಿಯಾರ ಇಲ್ಲ. ಆರನೇ ಶತಮಾನದಲ್ಲಿ ಎಲ್ಲಿಂದ ತರೋಣ! ಆದರೆ ನನ್ನದು ಕುಂಭಕರ್ಣನ ನಿದ್ದೆ, ಹೊರಗೆ ಮಳೆ ಹುಯ್ಯುತ್ತಿದ್ದರಂತೂ ಕಿವಿಯ ಪಕ್ಕ ಗಂಟೆ ಹೊಡೆದರೂ ಅಷ್ಟೇ.

ಮೊದಲ ವರ್ಷ ಫೋನು. "ಬರೀ ಅಲಾರಂಗೆ" ಅಂತ ನನಗೆ ನಾನೇ ಮಾತು ಕೊಟ್ಟುಕೊಂಡಿದ್ದೆ. ಮೂರನೇ ದಿನ ಅಲಾರಂ ನಿಲ್ಲಿಸಲು ಕೈಗೆತ್ತಿಕೊಂಡರೆ ನಮ್ಮ ಬಡಾವಣೆಯ ಗ್ರೂಪಿನಲ್ಲಿ ನೀರಿನ ಟ್ಯಾಂಕರ್ ಜಗಳ. ಬೆಳಗಿನ ಜಾವ ಮೂರೂವರೆಗೆ ಕೂತು ಉತ್ತರ ಬರೆದೆ, ಅದೂ ಖಾರವಾಗಿ. ಅವತ್ತು ಪ್ರಾರ್ಥನೆಯಲ್ಲಿ ನನ್ನ ಮನಸ್ಸು ಪೂರ್ತಿ ಟ್ಯಾಂಕರ್ ಹಿಂದೆ. ಫೋನಿನ ವಿಷಯ ಇಷ್ಟು ಸಾಕು.

ಎರಡನೇ ವರ್ಷ ಅಪ್ಪನ ಟೈಂಪೀಸು. ಕೀ ಕೊಡುವಂಥದ್ದು, ತಲೆ ಮೇಲೆ ಎರಡು ಗಂಟೆ, ನಡುವೆ ಪುಟ್ಟ ಸುತ್ತಿಗೆ. ಚಿಕ್ಕಪೇಟೆಯಲ್ಲಿ 350 ರೂಪಾಯಿ ಕೊಟ್ಟು ಎಣ್ಣೆ ಹಾಕಿಸಿದೆ. ಬ್ಯಾಟರಿ ಇಲ್ಲ, ನೆಟ್‌ವರ್ಕ್ ಇಲ್ಲ, ಮಠಕ್ಕೆ ಹೇಳಿ ಮಾಡಿಸಿದ್ದು ಅಂತ ಬೀಗಿದ್ದೂ ಆಯಿತು.

ಆ ಟಿಕ್ ಟಿಕ್ ನಮ್ಮನೆಯಲ್ಲಿ ಒಂದು ದಿನವೂ ಕೇಳಿಸಿರಲಿಲ್ಲ. ಫ್ಯಾನು, ಫ್ರಿಜ್ಜು, ರಸ್ತೆಯ ಆಟೋ, ಎಲ್ಲದರ ಅಡಿಯಲ್ಲಿ ಮುಚ್ಚಿಹೋಗಿತ್ತು. ಮಠದಲ್ಲಿ ರಾತ್ರಿಯ ಕೊನೆಯ ಪ್ರಾರ್ಥನೆ ಆದಮೇಲೆ ಮಾತಿಲ್ಲ, ಅದು ನಿಯಮದ 42ನೇ ಅಧ್ಯಾಯ. ದೀಪ ಆರಿಸಿದೆ. ಮಳೆ ಒಂದು ಗಳಿಗೆ ನಿಂತಿತು. ಶುರುವಾಯಿತು ನೋಡಿ. ಮೇಜು ಮರದ್ದು, ಟೈಂಪೀಸಿನ ತಗಡಿನ ಕಾಲು ಅದರ ಮೇಲೆ, ಮೇಜಿಗೆ ಮೇಜೇ ಮೃದಂಗ. ಜಪಸರ ಹಿಡಿದು ಮಲಗಿದರೆ ಮಾತೆ ಮರಿಯಳ "ನಮೋ ಮರಿಯೆ" ಜಪ ಟಿಕ್ ಟಿಕ್‌ನ ತಾಳಕ್ಕೆ ಸಿಕ್ಕಿ ಓಡತೊಡಗಿತು. ಐದು ರಹಸ್ಯ, ಅಂದರೆ ಜಪಸರದ ಒಂದು ಪೂರ್ತಿ ಸುತ್ತು, ಎಂದೂ ಅಷ್ಟು ಬೇಗ ಮುಗಿಸಿದ್ದಿಲ್ಲ, ಅಷ್ಟು ಕೆಟ್ಟದಾಗಿಯೂ.

ಟವೆಲ್ ಸುತ್ತಿದೆ, ಕೇಳುತ್ತಿತ್ತು. ಬಚ್ಚಲಿಗೆ ಒಯ್ದು ಅದರ ಮೇಲೆ ಬಕೆಟ್ ಬೋರಲು ಹಾಕಿದೆ, ಬಕೆಟ್ಟು ಅದನ್ನು ಇನ್ನೂ ದೊಡ್ಡದು ಮಾಡಿತು. ಮಲಗುವ ಮುಂಚೆ ಕೀ ಕೊಡುವ ಕರ್ರ್ ಕರ್ರ್ ಬೇರೆ, ಪಕ್ಕದ ಕೋಣೆಯವರು ಏನಂದುಕೊಂಡರೋ. ಐದನೇ ರಾತ್ರಿ ಸ್ವೆಟರಿನಲ್ಲಿ ಸುತ್ತಿ, ಸೂಟ್‌ಕೇಸಿನ ತಳಕ್ಕೆ ತುರುಕಿ, ಮೇಲೆ ಪಂಚೆ, ಅಂಗಿ, ಕಂಬಳಿ ಹೇರಿ ಜಿಪ್ ಎಳೆದೆ. ಆಹಾ, ನಿಶ್ಶಬ್ದ. ಅಲಾರಂ ಕೂಡ ನಿಶ್ಶಬ್ದ. ಕಣ್ಣು ಬಿಟ್ಟಾಗ ಬೆಳಕಾಗಿತ್ತು, ಹಾಲು ಕರೆದು ಮುಗಿದಿತ್ತು.

ತಡವಾಗಿ ಬರುವವರಿಗೂ ಬೆನೆಡಿಕ್ಟರು ದಾರಿ ಇಟ್ಟಿದ್ದಾರೆ: ರಾತ್ರಿ ಪ್ರಾರ್ಥನೆಯ ಮೊದಲಿನ 94ನೇ ಕೀರ್ತನೆಯನ್ನು (ಈಗಿನ ಬೈಬಲಿನಲ್ಲಿ 95) ಎಳೆದೆಳೆದು ನಿಧಾನವಾಗಿ ಹೇಳಿ, ಅಷ್ಟರಲ್ಲಿ ಓಡಿ ಬರಲಿ ಅಂತ. ಕುರಿಶುಮಲದ್ದು ಸಿರಿಯನ್ ಕ್ರೈಸ್ತರ ಸಂಪ್ರದಾಯದ ಪ್ರಾರ್ಥನೆ, ಅದರ ಕ್ರಮವೇ ಬೇರೆ, ಹಾಗಾಗಿ ಆ ರಿಯಾಯಿತಿಯನ್ನು ನಂಬಿಕೊಳ್ಳುವಂತಿಲ್ಲ. ನಂಬಿದ್ದರೂ ಕೀರ್ತನೆಯನ್ನು ಎರಡು ಗಂಟೆ ಯಾರು ಎಳೆಯುತ್ತಾರೆ?

ಮಧ್ಯೆ ಫುಟ್‌ಪಾತಿನ 250 ರೂಪಾಯಿಯ ಡಿಜಿಟಲ್ ಗಡಿಯಾರವನ್ನೂ ಮನೆಯಲ್ಲಿ ನೋಡಿದ್ದಾಯಿತು. ಟಿಕ್ ಟಿಕ್ ಇಲ್ಲ, ಆದರೆ ಕಿರಿಚಿದರೆ ಎದುರು ಮನೆ ನಾಯಿ ಏಳುತ್ತದೆ. ಮೊಮ್ಮಗನಿಗೆ ಕೊಟ್ಟೆ.

ಮೂರನೇ ವರ್ಷ ಈ ವಾಚು. ರಬ್ಬರ್ ಪಟ್ಟಿ, ಚೌಕ ಮುಖ, ಶಾಲೆಯ ಹುಡುಗರು ಕಟ್ಟುವಂಥದ್ದು. ಎರಡೂವರೆ ಸಾವಿರ ಬಿತ್ತು. ಕೊಳ್ಳುವಾಗ ನೋಡಬೇಕಾದ್ದು ಒಂದೇ: ಫೋನಿನ ಹಂಗಿಲ್ಲದೆ ತಾನೇ ನಡುಗಬೇಕು. ದಿನಾ ಚಾರ್ಜ್ ಕೇಳುವ ಸ್ಮಾರ್ಟ್‌ವಾಚ್ ಬೇಡ, ಅದು ಮಣಿಕಟ್ಟಿಗೆ ಕಟ್ಟಿದ ಫೋನೇ. ನಾನು ಕೈಯನ್ನು ಕೆನ್ನೆಯ ಅಡಿಗಿಟ್ಟು ಮಲಗುವವನು, ಹಾಗಾಗಿ ಮೂರು ಇಪ್ಪತ್ತಕ್ಕೆ ಅದು ಜುಂ ಅಂದರೆ ದವಡೆಯೇ ಅಲ್ಲಾಡುತ್ತದೆ. ಇಪ್ಪತ್ತೊಂದು ದಿನದಲ್ಲಿ ಒಂದು ದಿನವೂ ತಪ್ಪಲಿಲ್ಲ. ಕೈಗೆ ಏನಾದರೂ ಕಟ್ಟಿದರೆ ನಿದ್ದೆ ಬಾರದವರಿಗೆ ಇದು ದಂಡ. ಎರಡು ಮೂರು ದಿನದ ಧ್ಯಾನಕೂಟಕ್ಕಾದರೂ ದಂಡವೇ, ಪಕ್ಕದ ಕೋಣೆಯವರಿಗೆ ಬಾಗಿಲು ತಟ್ಟಿ ಅಂದರೆ ಕಾಸಿಲ್ಲದೆ ಕೆಲಸ ಆಗುತ್ತದೆ.

ಉಳಿದ ಸಾಮಾನು ಚುಟುಕಾಗಿ. ಛತ್ರಿಗಿಂತ ರೇನ್‌ಕೋಟು ವಾಸಿ, ಸುಮಾರು 1,100 ಮೀಟರ್ ಎತ್ತರದ ಗಾಳಿಗೆ ಛತ್ರಿ ತಿರುಚಿಕೊಳ್ಳುತ್ತದೆ. ಪೂರ್ತಿ ಬೈಬಲ್ ಹೊರಬೇಡಿ, ಕೀರ್ತನೆಗಳೂ ಇರುವ ಚಿಕ್ಕ ಹೊಸ ಒಡಂಬಡಿಕೆ ಸಾಕು. ಆದರೆ ಕನ್ನಡದ್ದೇ ಇರಲಿ, ಅಲ್ಲಿ ಕಿವಿಗೆ ಬೀಳುವುದು ಮಲಯಾಳಂ. ಹೊರಡುವ ತಿಂಗಳು ಮುಂಚಿನಿಂದ ಮನೆಯಲ್ಲೂ ನೆಲದ ಮೇಲೆ ಕೂತು ಊಟ ಮಾಡಿ, ಮಂಡಿಗೆ ಅಭ್ಯಾಸವಾಗಲಿ.

ವಾಚಿನ ಒಂದು ಕುತಂತ್ರ ಹೇಳುವುದು ಬಿಟ್ಟಿದ್ದೆ. ಅಲಾರಂ ನಡುಗಿದರೂ, ಗಂಟೆಗೊಮ್ಮೆ ಪೀಂ ಪೀಂ ಅನ್ನುವ ಗುಣ ಅದಕ್ಕೆ ಬೇರೆ ಇತ್ತು, ಕೊಂಡಾಗಿನಿಂದ ಆನ್ ಆಗಿಯೇ. ಊರಿನ ಗದ್ದಲದಲ್ಲಿ ನನಗದು ಗೊತ್ತೇ ಆಗಿರಲಿಲ್ಲ. ಮೊದಲ ಬೆಳಗಿನ ಜಾವ, ಪ್ರಾರ್ಥನೆಯ ನಡುವಿನ ಮೌನ, ಸರಿಯಾಗಿ ನಾಲ್ಕು. ಯಾರೂ ತಿರುಗಿ ನೋಡಲಿಲ್ಲ. ನೋಡಿದ್ದರೆ ಕೈಮುಗಿದು ಬಿಡಬಹುದಿತ್ತು. ಕೋಣೆಗೆ ಬಂದು ನಾಲ್ಕೂ ಗುಂಡಿ ಒತ್ತಿ ಒತ್ತಿ ಅದನ್ನು ನಿಲ್ಲಿಸುವಷ್ಟರಲ್ಲಿ ಐದು ಹೊಡೆಯಿತು, ಮತ್ತೆ ಪೀಂ ಪೀಂ. ನೀವು ಮನೆಯಲ್ಲೇ ಆಫ್ ಮಾಡಿಕೊಂಡು ಹೊರಡಿ.